ಕಾದಾಗ ಮೆತ್ತಗಾಗುವ ಬ್ರೇಕ್ ಪೆಡಲ್

ಪ್ರಶ್ನೆ: ನಾನು ಧಾರವಾಡದವನು, ಬಹಳ ವರ್ಷಗಳಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಕಿಟ್ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಎರಡು ಆಸನಗಳ ಲೋಹದ ವಿಮಾನ ಕಟ್ಟಿದ್ದೇನೆ. ಮೂಗಿನ ಚಕ್ರ ತನ್ನಷ್ಟಕ್ಕೆ ತಿರುಗುವಂಥದು. ನಿಧಾನವಾಗಿ ಹೋಗುವಾಗ ತಿರುಗಿಸಲು ಬ್ರೇಕೇ ಗತಿ. ನೆಲದ ಮೇಲೆ ಓಡಿಸಿ ಪರೀಕ್ಷಿಸುವಾಗ ಹದಿನೈದು ನಿಮಿಷಗಳಲ್ಲಿ ಬಲಚಕ್ರದ ಬ್ರೇಕ್ ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತದೆ. ಒಂದು ಗಂಟೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಬ್ರೇಕ್ ಕೊಳವೆಯೊಳಗೆ ಸೇರಿದ ಗಾಳಿಯನ್ನು ಎರಡು ಸಲ ತೆಗೆದದ್ದಾಯಿತು. ಕಾರಿನ ಬ್ರೇಕ್ ಆಯಿಲ್ ಹಾಕಿ ನೋಡು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಹಾಕಬಹುದೇ?

ಉತ್ತರ: ಖಂಡಿತ ಹಾಕಬೇಡಿ. ಸಣ್ಣ ವಿಮಾನಗಳ ಬ್ರೇಕಿಗೆ ಸಾಮಾನ್ಯವಾಗಿ ಬಳಸುವ 5606 ಎಂಬ ಕೆಂಪು ದ್ರವ ಖನಿಜ ತೈಲದ ಜಾತಿಯದು. ಕಾರಿನ ಡಾಟ್ 3, ಡಾಟ್ 4 ಗ್ಲೈಕಾಲ್ ಜಾತಿಯವು. ಮೊದಲನೆಯದಕ್ಕೆಂದು ಕೂರಿಸಿದ ನೈಟ್ರೈಲ್ ರಬ್ಬರಿನ ಓ-ರಿಂಗ್‌ಗಳು (ಸೋರಿಕೆ ತಡೆಯುವ ಬಳೆಗಳು) ಎರಡನೆಯದರಲ್ಲಿ ಹಾಳಾಗುತ್ತವೆ.

ತಣ್ಣಗಾದ ಮೇಲೆ ಪೆಡಲ್ ತಾನಾಗಿ ಗಟ್ಟಿಯಾಗುತ್ತದೆ ಎಂದು ನೀವು ಬರೆದಿರುವುದೇ ಇಲ್ಲಿನ ಮುಖ್ಯ ಸುಳಿವು. ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಕೆಟ್ಟಿದ್ದರೆ ತಣ್ಣಗಿರುವಾಗಲೂ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುತ್ತಿತ್ತು. ಕೇವಲ ಲೈನಿಂಗ್ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪಟ್ಟಿ) ಕಾದು ಹಿಡಿತ ಕಳೆದುಕೊಂಡಿದ್ದರೆ ಪೆಡಲ್ ಗಟ್ಟಿಯಾಗಿಯೇ ಇದ್ದು ವಿಮಾನ ಮಾತ್ರ ನಿಲ್ಲುತ್ತಿರಲಿಲ್ಲ. ನಿಮ್ಮಲ್ಲಿ ಲೈನಿಂಗನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅತಿಯಾಗಿ ಕಾದು, ಅದರೊಳಗೆ ಆವಿಯೋ ಉಳಿದುಕೊಂಡ ಗಾಳಿಗುಳ್ಳೆಯೋ ಹಿಗ್ಗುತ್ತಿರುವಂತಿದೆ. ಹಾಗಾಗಿ ಮೂರನೆಯ ಸಲ ಗಾಳಿ ತೆಗೆಯುವ ಮುನ್ನ, ಆ ಬ್ರೇಕಿಗೆ ಬಿಡುವೇ ಸಿಗುತ್ತಿಲ್ಲವೇ ಎಂಬುದನ್ನು ನೋಡಬೇಕು.

ಬಲಗಡೆಯದೇ ಏಕೆ ಎಂಬುದಕ್ಕೂ ಕಾರಣವಿದೆ. ಅಮೆರಿಕದ ಎಂಜಿನ್‌ಗಳಲ್ಲಿ ಬಹುಪಾಲು ಪ್ರೊಪೆಲರನ್ನು ಪೈಲಟ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತವೆ, ಅದರಿಂದ ಮೂಗು ಎಡಕ್ಕೆ ಎಳೆಯುತ್ತದೆ. ಎಡದಿಂದ ಗಾಳಿ ಬೀಸಿದರೆ ಇನ್ನೂ ಹೆಚ್ಚು. ನೇರ ಹೋಗಲೆಂದು ನಿಮ್ಮ ಬಲಗಾಲು ಅರಿವಿಲ್ಲದೆಯೇ ಪೆಡಲನ್ನು ಒತ್ತುತ್ತಿರುತ್ತದೆ. ಶಿರಾಡಿ ಘಾಟಿಯಲ್ಲಿ ಗೇರ್ ಇಳಿಸದೆ ಬ್ರೇಕಿನ ಮೇಲೆಯೇ ಇಳಿಯುವ ಲಾರಿಯ ಪಾಡೇ ಇದು. ಎಂಜಿನ್ ಐಡಲ್ ವೇಗ (ಥ್ರಾಟಲ್ ಪೂರ್ತಿ ಇಳಿಸಿದಾಗಿನ ವೇಗ) ನಿಮಿಷಕ್ಕೆ ಸಾವಿರ ಸುತ್ತು ದಾಟಿದ್ದರೆ ಅದನ್ನೂ ತಗ್ಗಿಸಿ, ಇಲ್ಲವಾದರೆ ಪ್ರೊಪೆಲರ್ ತಳ್ಳುತ್ತಲೇ ಇರುತ್ತದೆ, ನೀವು ತಡೆಯುತ್ತಲೇ ಇರುತ್ತೀರಿ.

ಕಾಲಿನದು ತಪ್ಪಿಲ್ಲವೆಂದು ಖಾತ್ರಿಯಾದರೆ ಪೆಡಲಿನ ಜೋಡಣೆಯನ್ನು ನೋಡಿ. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ದಂಡ ಪೂರ್ತಿ ಹಿಂದಕ್ಕೆ ಬರಬೇಕು. ಆಗಲೇ ಒಳಗಿನ ಸಣ್ಣ ರಂಧ್ರ ತೆರೆದು, ಕಾದು ಹಿಗ್ಗಿದ ದ್ರವ ಮೇಲಿನ ಡಬ್ಬಿಗೆ ಮರಳುತ್ತದೆ. ಎರಡು ಮೂರು ಮಿಲಿಮೀಟರ್ ಮೊದಲೇ ದಂಡ ಎಲ್ಲಾದರೂ ತಗುಲಿ ನಿಂತರೆ ರಂಧ್ರ ಮುಚ್ಚಿಯೇ ಇರುತ್ತದೆ, ಹಿಗ್ಗಿದ ದ್ರವ ಲೈನಿಂಗನ್ನು ಡಿಸ್ಕಿಗೆ ಒತ್ತುತ್ತದೆ, ಒತ್ತಿದಷ್ಟೂ ಇನ್ನಷ್ಟು ಕಾಯುತ್ತದೆ. ನೀವು ಸೀಟಿನಲ್ಲಿ ಕುಳಿತು ಪೆಡಲ್ ಬಿಡಿ, ಇನ್ನೊಬ್ಬರು ಟಾರ್ಚ್ ಹಿಡಿದು ಆ ದಂಡವನ್ನೇ ನೋಡಲಿ. ಬಳಿಕ ಜ್ಯಾಕ್ ಕೊಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ; ಎಡಗಡೆಯದಕ್ಕಿಂತ ಬಿಗಿಯಾಗಿದ್ದರೆ ಕ್ಯಾಲಿಪರ್ ಜಾರುವ ಪಿನ್‌ಗಳನ್ನು ಒರೆಸಿ ನೋಡಿ. ಡಿಸ್ಕ್ ನೀಲಿಗಟ್ಟಿದ್ದರೆ ಓ-ರಿಂಗ್ ಬದಲಿಸದೆ ಮುಂದುವರಿಯಬೇಡಿ.

ಇಷ್ಟೆಲ್ಲ ಆದ ಮೇಲೆ ಗಾಳಿ ತೆಗೆಯಿರಿ, ಆದರೆ ಕಾರಿನಂತೆ ಪೆಡಲ್ ತುಳಿದಲ್ಲ. ಕ್ಯಾಲಿಪರಿನ ಕೆಳಗಿನ ನಿಪ್ಪಲ್ ಎಂಬ ಸಣ್ಣ ಬಾಯಿಯಿಂದ ದ್ರವವನ್ನು ಮೇಲಕ್ಕೆ ತಳ್ಳಿ. ಪಾರದರ್ಶಕ ಕೊಳವೆಯಿದ್ದರೆ ಬಾಗಿನ ಬಳಿ ಸಾಸಿವೆಯಷ್ಟು ಗುಳ್ಳೆ ಅಂಟಿ ಕುಳಿತಿರುವುದು ಕಾಣಬಹುದು. ಬೆರಳಿನಿಂದ ತಟ್ಟಿದರೆ ಅದು ಏಳುತ್ತದೆ. 5606ರ ಬದಲು 83282 ಎಂಬ ಇನ್ನೊಂದು ವಿಮಾನದ ದ್ರವ ತುಂಬಿಸಿದರೆ ಬೆಂಕಿಯ ಭಯವೂ ಕಡಿಮೆ, ಅದು ಹೊತ್ತಿಕೊಳ್ಳಲು 200 ಡಿಗ್ರಿ ಸೆಲ್ಸಿಯಸ್ ದಾಟಬೇಕು.

ವೇಗದ ಓಟಕ್ಕೆ ಅವಸರ ಬೇಡ. 600 ಕಿಲೋ ತೂಕದ ವಿಮಾನವನ್ನು ಗಂಟೆಗೆ 30 ಕಿಲೋಮೀಟರ್ ವೇಗದಿಂದ ನಿಲ್ಲಿಸಲು ಬ್ರೇಕ್ ಸುಮಾರು 21 ಕಿಲೋಜೂಲ್ ಶಾಖ ನುಂಗಬೇಕು, 60ರಿಂದಾದರೆ 83. ಪ್ರತಿ ಓಟದ ನಡುವೆ ಬ್ರೇಕ್ ಆರಲು ಬಿಡಿ, ಚಕ್ರದ ಮೇಲಿನ ಕವಚಗಳನ್ನು ಸದ್ಯಕ್ಕೆ ಕಳಚಿಡಿ, ಅಗ್ನಿಶಾಮಕ ಕೈಗೆಟುಕುವಂತಿರಲಿ. ಕಾದ ಬ್ರೇಕಿಗೆ ಪಾರ್ಕಿಂಗ್ ಬ್ರೇಕ್ ಹಾಕಬೇಡಿ, ಡಿಸ್ಕಿನ ಶಾಖವೆಲ್ಲ ಲೈನಿಂಗ್ ಮೂಲಕ ಕ್ಯಾಲಿಪರಿಗೇ ಇಳಿಯುತ್ತದೆ. ಚಕ್ರಕ್ಕೆ ಎರಡು ಮರದ ತುಂಡು ಅಡ್ಡ ಇಟ್ಟರೆ ಸಾಕು.