73ಕ್ಕೆ ನಿಂತ ಎಕ್ಸ್‌ಪೋರ್ಟ್, ಹಿಂದೆ ಬಿದ್ದ ಚಂಡೆ

ವಿಡಿಯೋ ಎಡಿಟಿಂಗ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು, ನನ್ನ ಉತ್ತರಗಳು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಸಾಫ್ಟ್‌ವೇರ್ ಕೈಕೊಟ್ಟ ಸಂಗತಿಗಳೇ.

ಪ್ರಶ್ನೆ: ಸರ್, ನಾನು ಸಾಗರದಲ್ಲಿ ಮದುವೆ ವಿಡಿಯೋ ಮಾಡುತ್ತೇನೆ. 2 ಗಂಟೆ 10 ನಿಮಿಷದ ಒಂದು ಮದುವೆಯನ್ನು ಎಕ್ಸ್‌ಪೋರ್ಟ್‌ಗೆ (ಎಡಿಟ್ ಆದದ್ದನ್ನು ಒಂದೇ ವಿಡಿಯೋ ಫೈಲ್ ಮಾಡಿ ತೆಗೆಯಲು) ಹಾಕಿದರೆ ಪ್ರತಿ ಸಲ 73 ಪರ್ಸೆಂಟಿಗೆ ಬಂದು ನಿಂತುಬಿಡುತ್ತದೆ. ಕಂಪನಿಯ ಸಪೋರ್ಟ್‌ಗೆ ಮೂರು ಸಲ ಬರೆದೆ. ಮೂರು ಸಲವೂ 'ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ' ಅಂತ ಒಂದೇ ಉತ್ತರ. ಹುಡುಗಿ ಮನೆಯವರು ದಿನಾ ಫೋನ್ ಮಾಡಿ 'ಕ್ಯಾಸೆಟ್ ಯಾವಾಗ ಕೊಡ್ತೀರಿ' ಅಂತಿದ್ದಾರೆ. ಏನು ಮಾಡಲಿ?

ಪ್ರತಿ ಸಲ 73ಕ್ಕೇ ನಿಲ್ಲುತ್ತದೆ ಅಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಒಮ್ಮೆ 20ಕ್ಕೆ, ಇನ್ನೊಮ್ಮೆ 60ಕ್ಕೆ ನಿಂತಿದ್ದರೆ ಕಂಪ್ಯೂಟರ್ ಬಿಸಿಯಾಗುತ್ತಿದೆಯಾ, ಮೆಮೊರಿ ಸಾಲುತ್ತಿಲ್ಲವಾ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಕೆಟ್ಟಿದೆಯಾ ಅಂತ ನೋಡಬೇಕಿತ್ತು. ಒಂದೇ ಜಾಗದಲ್ಲಿ ನಿಲ್ಲುತ್ತಿದೆ ಅಂದರೆ ಟೈಮ್‌ಲೈನಿನ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಯ) ಆ ಜಾಗದಲ್ಲೇ ಏನೋ ಇರುವ ಸಾಧ್ಯತೆ ಜಾಸ್ತಿ. 2 ಗಂಟೆ 10 ನಿಮಿಷಕ್ಕೆ 73 ಪರ್ಸೆಂಟ್ ಅಂದರೆ ಸುಮಾರು 1 ಗಂಟೆ 35ನೇ ನಿಮಿಷ. ಅಲ್ಲಿಗೆ ಹೋಗಿ. 1 ಗಂಟೆ 30ರಿಂದ 1 ಗಂಟೆ 40ರವರೆಗೆ ಇನ್, ಔಟ್ (ಶುರು, ಕೊನೆ) ಗುರುತು ಹಾಕಿ ಅಷ್ಟನ್ನೇ ಎಕ್ಸ್‌ಪೋರ್ಟ್ ಮಾಡಿ. ನಿಂತರೆ ಅದನ್ನು ಎರಡು ಭಾಗ ಮಾಡಿ, ಯಾವ ಭಾಗ ನಿಲ್ಲುತ್ತದೋ ಅದನ್ನು ಮತ್ತೆ ಎರಡು ಮಾಡಿ. ಏಳೆಂಟು ಸಲ ಮಾಡುವಷ್ಟರಲ್ಲಿ ಒಂದು ಕ್ಲಿಪ್ಪೋ, ಒಂದು ಟ್ರಾನ್ಸಿಷನ್ನೋ, ಒಂದು ಎಫೆಕ್ಟೋ ಕೈಗೆ ಸಿಗುತ್ತದೆ.

ಹೊಸನಗರದ ಕಡೆಯ ಒಂದು ಮದುವೆಯಲ್ಲಿ ನನಗೂ ಹೀಗೇ ಆಗಿತ್ತು. ರಾತ್ರಿ ಪೂರ್ತಿ ಹುಡುಕಿದ ಮೇಲೆ ಸಿಕ್ಕಿದ್ದು ಹುಡುಗಿಯ ತಮ್ಮ ಧಾರೆಯ ಹೊತ್ತಿಗೆ ಫೋನಿನಲ್ಲಿ ತೆಗೆದು ಕಳಿಸಿದ್ದ 11 ಸೆಕೆಂಡಿನ ಒಂದು ತುಣುಕು. ಪ್ಲೇ ಮಾಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ನಿಧಾನಕ್ಕೆ ಒಂದೊಂದೇ ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಸರಿಸಿ ನೋಡಿದಾಗ, ಒಂಬತ್ತನೇ ಸೆಕೆಂಡಿನಲ್ಲಿ, ತೆಂಗಿನಕಾಯಿ ಹಿಡಿದ ಕೈಯ ಪಕ್ಕ ಒಂದು ಹಸಿರು ಚೌಕ ಮಿಂಚಿ ಹೋಯಿತು. ಫೈಲ್ ಅಲ್ಲಿ ಹಾಳಾಗಿತ್ತು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಆ ಕ್ಲಿಪ್ಪನ್ನು ಮಾತ್ರ ಹೊಸದಾಗಿ ಕನ್ವರ್ಟ್ ಮಾಡಿ ಅದೇ ಜಾಗಕ್ಕೆ ಹಾಕಿದೆ. ಎಕ್ಸ್‌ಪೋರ್ಟ್ ನೂರಕ್ಕೆ ಮುಟ್ಟಿತು. ನೀವೂ ಮೊದಲು ಹೀಗೆ ಕೆಲಸ ಮುಗಿಸಿ ವಿಡಿಯೋ ಕೊಟ್ಟುಬಿಡಿ. ಆಮೇಲೆ ಕಂಪನಿಗೆ ಬರೆಯೋಣ.

ಬರೆಯಲೇಬೇಕು, ಯಾಕೆಂದರೆ ಹಾಳಾದ ಒಂದು ಫ್ರೇಮ್ ಸಿಕ್ಕಿದರೆ ಸಾಫ್ಟ್‌ವೇರ್ 'ಇಂಥ ಕ್ಲಿಪ್ಪಿನಲ್ಲಿ ತೊಂದರೆ ಇದೆ' ಅಂತ ಹೇಳಬೇಕೇ ಹೊರತು ಸುಮ್ನೆ ನಿಂತುಬಿಡಬಾರದು. ಅದು ಬಗ್, ಅಂದರೆ ಸಾಫ್ಟ್‌ವೇರಿನದೇ ದೋಷ. ಆದರೆ 'ಎಕ್ಸ್‌ಪೋರ್ಟ್ ಆಗುತ್ತಿಲ್ಲ, ಅರ್ಜೆಂಟ್, ದಯವಿಟ್ಟು ಸರಿಮಾಡಿ' ಅಂತ ಬರೆದರೆ ಆ ಕಡೆ ಕೂತವರು ತಾನೇ ಏನು ಹೇಳಿಯಾರು? ನಿಮ್ಮ ಕಂಪ್ಯೂಟರ್ ಅವರಿಗೆ ಕಾಣುವುದಿಲ್ಲ. ತೊಂದರೆ ಅವರ ಟೇಬಲ್ ಮೇಲೂ ಹುಟ್ಟಬೇಕು, ಆಗಲೇ ಅದು ಸರಿಮಾಡುವವರ ಕೈಗೆ ಹೋಗುತ್ತದೆ. ನಾನು ಬರೆದದ್ದು ಹೀಗಿತ್ತು:

"ಸಾಫ್ಟ್‌ವೇರಿನ ಆವೃತ್ತಿ ಇಂಥದ್ದು. ವಿಂಡೋಸ್ 11. ಗ್ರಾಫಿಕ್ಸ್ ಕಾರ್ಡ್ ಇಂಥದ್ದು, ಡ್ರೈವರ್ ಇಂಥದ್ದು. ಹೊಸ ಪ್ರಾಜೆಕ್ಟ್ ತೆರೆದೆ. ಜೊತೆಗೆ ಕಳಿಸಿರುವ 11 ಸೆಕೆಂಡಿನ ಕ್ಲಿಪ್ ಒಂದನ್ನೇ ಹಾಕಿದೆ. ಎಚ್.264ರಲ್ಲಿ ಎಕ್ಸ್‌ಪೋರ್ಟ್ ಕೊಟ್ಟೆ. ಒಂಬತ್ತನೇ ಸೆಕೆಂಡಿಗೆ ನಿಂತಿತು, ಎರರ್ ಏನೂ ತೋರಿಸಲಿಲ್ಲ. ಐದು ಸಲ ಮಾಡಿದೆ, ಐದು ಸಲವೂ ಹಾಗೇ ಆಯಿತು. ಹಿಂದಿನ ಆವೃತ್ತಿಯಲ್ಲಿ ಇದೇ ಕ್ಲಿಪ್ ಸರಿಯಾಗಿ ಹೋಗುತ್ತದೆ."

ಎರಡನೇ ದಿನ ಬಂದ ಉತ್ತರದಲ್ಲಿ 'ತೆಗೆದು ಮತ್ತೆ ಹಾಕಿ' ಇರಲಿಲ್ಲ. 'ನಮ್ಮಲ್ಲೂ ಹಾಗೇ ಆಗುತ್ತಿದೆ' ಅಂತ ಇತ್ತು.

ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಮೇಲಿನ ಹಾಗೆ ಸಣ್ಣ ಸಣ್ಣ ವಾಕ್ಯ ಸಾಕು, ಜೊತೆಗೆ ಸ್ಕ್ರೀನ್ ರೆಕಾರ್ಡ್ ಮಾಡಿದ ಒಂದು ನಿಮಿಷದ ವಿಡಿಯೋ ಇರಲಿ. ಲಾಗ್ ಫೈಲ್ (ಸಾಫ್ಟ್‌ವೇರ್ ತಾನು ಮಾಡಿದ್ದನ್ನು ಬರೆದಿಡುವ ಫೈಲ್) ಕೇಳಿದರೆ ಕೊಡಿ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಾದರೆ ಹೆಲ್ಪ್ ಮೆನುವಿನಲ್ಲೇ ಅದನ್ನು ಡೆಸ್ಕ್‌ಟಾಪಿಗೆ ತೆಗೆದಿಡುವ ಆಯ್ಕೆ ಇದೆ. ಪ್ರತಿ ಸಲ ಹೊಸ ದೂರು ಹಾಕಬೇಡಿ, ಹಳೇ ದೂರಿನ ಟಿಕೆಟ್ ನಂಬರಿಗೇ ಉತ್ತರ ಬರೆಯಿರಿ. ಹೊಸದು ಹಾಕಿದರೆ ಹೊಸಬರ ಕೈಗೆ ಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮನೆಯಲ್ಲಿ ನೆಟ್ ಸಿಗದೆ ಗುಡ್ಡ ಹತ್ತಿ ಫೈಲ್ ಕಳಿಸುವವರು ನಮ್ಮಲ್ಲಿ ಎಷ್ಟು ಜನ ಇಲ್ಲ, ಅವರಿಗೂ 11 ಸೆಕೆಂಡಿನ ಕ್ಲಿಪ್ ಭಾರವಲ್ಲ. ಒಂದೇ ಒಂದು ಮಾತು: ಅದು ಇನ್ನೊಬ್ಬರ ಮನೆಯ ಮದುವೆ. ಕಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿ.

ಪ್ರಶ್ನೆ: ನಮ್ಮ ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ಯಕ್ಷಗಾನವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಫೋನಿನಲ್ಲಿ ನೋಡಿದರೆ ಸರಿ ಇದೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಶುರುವಿನಲ್ಲಿ ಸರಿ ಇದ್ದ ಶಬ್ದ ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತದೆ. ಚಂಡೆಗೆ ಕೋಲು ಬಿದ್ದು ಕೈ ಮೇಲೆದ್ದ ಮೇಲೆ ಪೆಟ್ಟು ಕೇಳಿಸುತ್ತದೆ! ಇದು ಸಾಫ್ಟ್‌ವೇರಿನ ತಪ್ಪೋ ನನ್ನದೋ?

ನಿಮ್ಮ ತಪ್ಪು ಖಂಡಿತ ಅಲ್ಲ. ಫೋನ್ ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿಕೊಂಡರೂ ಯಾವಾಗಲೂ ಅಷ್ಟೇ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅನ್ನುತ್ತಾರೆ. ಎಷ್ಟೋ ಎಡಿಟಿಂಗ್ ಸಾಫ್ಟ್‌ವೇರ್‌ಗಳು ಫ್ರೇಮುಗಳು ಒಂದೇ ಸಮ ಇವೆ ಅಂತ ನಂಬಿ ಲೆಕ್ಕ ಹಾಕುತ್ತವೆ, ಅಲ್ಲೇ ಎಡವಟ್ಟು. ಸರಾಸರಿ 30ರ ಬದಲು 29.97 ಇದ್ದರೂ ಒಂದು ಗಂಟೆಗೆ 3.6 ಸೆಕೆಂಡಿನ ವ್ಯತ್ಯಾಸ ಬರುತ್ತದೆ. ಭಾಗವತರು ಬಾಯಿ ಮುಚ್ಚಿದ ಮೇಲೂ ಪದ ಕೇಳಿಸುತ್ತಿರುತ್ತದೆ ಅಲ್ವಾ, ಅದು ಇದೇ.

ಮೀಡಿಯಾಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ನೋಡಿ. ಫ್ರೇಮ್ ರೇಟ್ ಮೋಡ್ ಎದುರು ವೇರಿಯಬಲ್ ಅಂತ ಇದ್ದರೆ ರೋಗ ಗೊತ್ತಾಯಿತು. ಹ್ಯಾಂಡ್‌ಬ್ರೇಕ್‌ನ ವಿಡಿಯೋ ವಿಭಾಗದಲ್ಲಿ ಫ್ರೇಮ್ ರೇಟ್ 30 ಅಂತ ಆರಿಸಿ, ಕಾನ್‌ಸ್ಟಂಟ್ ಅನ್ನುವುದಕ್ಕೆ ಗುರುತು ಹಾಕಿ ಕನ್ವರ್ಟ್ ಮಾಡಿ. ಹೊಸ ಫೈಲನ್ನು ಎಡಿಟಿಂಗ್‌ಗೆ ತೆಗೆದುಕೊಳ್ಳಿ. ಮೂಲ ಫೈಲ್ ಅಳಿಸಬೇಡಿ. ಆ ರಾತ್ರಿಯ ಆಟ, ಆ ಪದ ಮತ್ತೆ ಹಾಗೇ ಸಿಗುವುದಿಲ್ಲ.

ಇನ್ನೊಂದು. ನಮ್ಮ ಕರೆಂಟ್ 50 ಹರ್ಟ್ಸ್‌ನದು. ರಂಗಸ್ಥಳದ ಲೈಟು ವಿಡಿಯೋದಲ್ಲಿ ಮಿಣಮಿಣ ಅಂದರೆ ಮುಂದಿನ ಸಲ ಅದಕ್ಕೆ ಹೊಂದುವಂತೆ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟು ನೋಡಿ.

ಪ್ರಶ್ನೆ: ಪ್ರೀಮಿಯರ್ ಪ್ರೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 'ಶಿವಮೊಗ್ಗ' ಅಂತ ಟೈಪ್ ಮಾಡಿದರೆ 'ಶಿವಮೊಗ್‌ಗ' ಅಂತ ಬರುತ್ತದೆ. ಒತ್ತಕ್ಷರ ಕೂರುತ್ತಲೇ ಇಲ್ಲ. ಇದೂ ಬಗ್ಗಾ? (ಭದ್ರಾವತಿ)

ಅಲ್ಲ, ಸೆಟ್ಟಿಂಗ್. ಪ್ರಿಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್ ಅನ್ನುವಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು 'ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್' ಅಂತ ಬದಲಾಯಿಸಿ. ಆಮೇಲೆ ಹೊಸ ಟೆಕ್ಸ್ಟ್ ಲೇಯರ್ ತೆಗೆದು ಮತ್ತೆ ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಇರಲಿ. ಆಹ್ವಾನ ಪತ್ರಿಕೆ ಮಾಡಿದವರು ಹಳೇ ನುಡಿ ಫಾಂಟಿನಲ್ಲಿ ಕೊಟ್ಟ ಹೆಸರುಗಳನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಕನ್ನಡದ ಹೆಸರು ಪರದೆ ಮೇಲೆ ಮುರಿದು ಕಾಣುವುದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ, ಎರಡು ನಿಮಿಷದ ಕೆಲಸ ಇದು.

ಪ್ರಶ್ನೆ: ಏಳು ದಿನ ಉಚಿತ ಅಂತ ಒಂದು ಎಡಿಟಿಂಗ್ ಆ್ಯಪ್ ಹಾಕಿಕೊಂಡೆ. ಎಂಟನೇ ದಿನ ಪೂರ್ತಿ ವರ್ಷದ ಹಣ ಕಟ್ ಆಯಿತು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದೆ. ಅವರು ಎನಿಡೆಸ್ಕ್ (ದೂರದಿಂದಲೇ ಬೇರೆಯವರ ಫೋನ್ ನೋಡಲು, ನಡೆಸಲು ಬಿಡುವ ಆ್ಯಪ್) ಹಾಕಿಕೊಳ್ಳಿ, ಹಣ ವಾಪಸ್ ಮಾಡುತ್ತೇವೆ ಅಂದರು. ಹಾಕಿಕೊಂಡೆ. ಆಮೇಲೆ ಹೆದರಿಕೆಯಾಗಿ ಫೋನ್ ಆಫ್ ಮಾಡಿದೆ. (ಹೊಸನಗರ)

ಆಫ್ ಮಾಡಿದ್ದು ಒಳ್ಳೆಯದಾಯಿತು. ಆ ನಂಬರ್ ಆ್ಯಪಿನ ಕಂಪನಿಯದ್ದಲ್ಲ ಅಂತಲೇ ತಿಳಿಯಿರಿ. ಹಣ ವಾಪಸ್ ಕೊಡಲು ಯಾವ ಕಂಪನಿಗೂ ನಿಮ್ಮ ಫೋನಿನ ಒಳಗೆ ಬರುವ ಅಗತ್ಯ ಇಲ್ಲ. ನೆಟ್ ಬಂದ್ ಇಟ್ಟೇ ಫೋನ್ ಆನ್ ಮಾಡಿ ಎನಿಡೆಸ್ಕ್ ತೆಗೆದುಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಪಾಸ್‌ವರ್ಡ್, ಪಿನ್ ಬದಲಾಯಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೆ ಇರುವ ಸಹಾಯವಾಣಿ. ಸಪೋರ್ಟ್ ಬೇಕಾದಾಗ ಆ್ಯಪಿನ ಒಳಗಿರುವ ಹೆಲ್ಪ್‌ನಿಂದಲೇ ಹೋಗಬೇಕು, ಗೂಗಲ್‌ನಲ್ಲಿ ಸಿಕ್ಕ ನಂಬರಿನಿಂದ ಅಲ್ಲ.

ಇನ್ನು ವರ್ಷದ ಹಣದ ವಿಷಯ. ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ರೀಫಂಡನ್ನು ಅಲ್ಲೇ ಕೇಳಬೇಕು, ಅದೂ ಬೇಗ. ಕಾರ್ಡಿನಿಂದ ತಾನಾಗಿ ಹಣ ಕಟ್ ಆಗುವ ವ್ಯವಸ್ಥೆಯಲ್ಲಿ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬಂದಿತ್ತಾ ಅಂತ ಹಳೇ ಮೆಸೇಜ್ ನೋಡಿ. ಕಂಪನಿಗೆ ಬರೆಯುವಾಗ ಸಾಗರದವರಿಗೆ ಹೇಳಿದ ದಾರಿಯೇ: ಯಾವ ದಿನ ಹಾಕಿಕೊಂಡೆ, ಯಾವ ದಿನ ಎಷ್ಟು ಹೋಯಿತು, ಬಳಸಿದ್ದೆಷ್ಟು, ಏನು ಬೇಕು, ಜೊತೆಗೆ ಸ್ಕ್ರೀನ್‌ಶಾಟ್. ಆನ್‌ಲೈನ್ ಮಾರಾಟದ 2020ರ ನಿಯಮಗಳ ಪ್ರಕಾರ ದೂರು ನೋಡುವ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಜಗ್ಗದಿದ್ದರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಎಲ್ಲೇ ಇರಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ. 'ನೀನು ವ್ಯಾಪಾರಕ್ಕೆ ಕೊಂಡಿದ್ದೀಯ, ಗ್ರಾಹಕ ಅಲ್ಲ' ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರೂ ಆ ಕಾಯ್ದೆಯಲ್ಲಿ ಗ್ರಾಹಕರೇ.

ಪ್ರಶ್ನೆ: ಮಳೆಗಾಲದಲ್ಲಿ ಒಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸಂಗೀತ ಕಾರ್ಯಕ್ರಮ ರೆಕಾರ್ಡ್ ಮಾಡುವಾಗ ಕರೆಂಟ್ ಹೋಯಿತು. ಎಂಪಿ4 ಫೈಲ್ 9 ಜಿಬಿ ಇದೆ, ತೆರೆಯುತ್ತಲೇ ಇಲ್ಲ. (ಆಗುಂಬೆ ಹತ್ತಿರ)

ಮಾಮೂಲಿ ಎಂಪಿ4ರಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಕರೆಂಟ್ ಹೋದರೆ ಪಟ್ಟಿ ಇಲ್ಲ, ಹಾಡು ಒಳಗೇ ಇರುತ್ತದೆ. ಹಾಗಾಗಿ ಫೈಲ್ ಅಳಿಸಬೇಡಿ. ಮೊದಲು ಬೇರೆ ಡಿಸ್ಕಿಗೆ ಒಂದು ಕಾಪಿ ಮಾಡಿ. ಅನ್‌ಟ್ರಂಕ್ ಅನ್ನುವ ಉಚಿತ ಸಾಧನ ಇದೆ. ಅದಕ್ಕೆ ಅದೇ ಕಂಪ್ಯೂಟರಿನಲ್ಲಿ ಅದೇ ಸೆಟ್ಟಿಂಗ್ ಇಟ್ಟು ಮಾಡಿದ ಒಂದು ಸರಿಯಾದ ರೆಕಾರ್ಡಿಂಗ್ ಕೊಡಬೇಕು, ಅದನ್ನು ನೋಡಿ ಮುರಿದದ್ದನ್ನು ಜೋಡಿಸಲು ಪ್ರಯತ್ನಿಸುತ್ತದೆ. ಎಷ್ಟೋ ಸಲ ಬಹುಪಾಲು ವಾಪಸ್ ಸಿಗುತ್ತದೆ. ಇನ್ನು ಮುಂದೆ ಒಬಿಎಸ್‌ನಲ್ಲಿ ಎಂಪಿ4 ಬದಲು ಎಂಕೆವಿ ಅನ್ನುವ ಫೈಲ್ ಮಾದರಿ ಆರಿಸಿ ರೆಕಾರ್ಡ್ ಮಾಡಿ, ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನಲ್ಲಿ ರೀಮಕ್ಸ್ ಕೊಟ್ಟರೆ ಕೆಲವೇ ಕ್ಷಣದಲ್ಲಿ ಎಂಪಿ4 ಆಗುತ್ತದೆ. ಉಳಿಸಿದ ಫೈಲ್ ತೆರೆದರೆ ನನಗೂ ಒಂದು ಸಾಲು ಬರೆದು ತಿಳಿಸಿ.