1969ರ ಸೆಂಟ್: ಇಸವಿಗಿಂತ ಮೊದಲು ‘ಎಸ್’ ನೋಡಿ

ನಮಸ್ಕಾರ. ನಿಮ್ಮ 1969ರ ಲಿಂಕನ್ ಸೆಂಟ್‌ನಲ್ಲಿ (ಅಮೆರಿಕದ ಒಂದು ಸೆಂಟ್ ನಾಣ್ಯ) ಇಸವಿ ಎರಡೆರಡಾಗಿ ಕಾಣುತ್ತಿದೆ, ಕೆಳಗಿನ ‘ಎಸ್’ ಕೂಡ ಹಾಗೇ ಇದೆ, ಇದು ಬೆಲೆಬಾಳುವ ಡಬಲ್ಡ್ ಡೈ, ಅಂದರೆ ಅಚ್ಚಿನಲ್ಲೇ ಚಿತ್ರ ಜೋಡಿಯಾಗಿ ಮೂಡಿದ ನಾಣ್ಯ, ಇರಬಹುದಾ ಅಂತ ಕೇಳಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಅಲ್ಲ. ಉತ್ತರ ಆ ‘ಎಸ್’ನಲ್ಲೇ ಇದೆ.

ಆ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತಾದ ಈ ‘ಎಸ್’ ಅನ್ನು ಪ್ರತಿ ಅಚ್ಚಿನ ಮೇಲೂ ಕೊನೆಗೆ ಕೈಯಿಂದ ಹೊಡೆದು ಒತ್ತುತ್ತಿದ್ದರು. ಅದಕ್ಕೂ ಮೊದಲೇ, ಅಚ್ಚಿಗೆ ಚಿತ್ರ ಒತ್ತುವಾಗ ಎರಡನೇ ಒತ್ತು ಸ್ವಲ್ಪ ತಿರುಗಿ ಬಿದ್ದರೆ ಡಬಲ್ಡ್ ಡೈ ಹುಟ್ಟುತ್ತದೆ. ಹಾಗಾಗಿ ಅಸಲಿಯಲ್ಲಿ ಇಸವಿ, ‘ಲಿಬರ್ಟಿ’, ಮೇಲಿನ ಧ್ಯೇಯವಾಕ್ಯ ಜೋಡಿಯಾಗಿರುತ್ತವೆ. ‘ಎಸ್’ ಮಾತ್ರ ಒಂದೇ. ನಾಣ್ಯ ಹೊಡೆಯುವ ಕ್ಷಣದಲ್ಲಿ ಸಡಿಲ ಅಚ್ಚು ಜಾರಿದರೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದುಕೊಳ್ಳುತ್ತವೆ, ‘ಎಸ್’ ಕೂಡ. ಅದೇ ಮಷೀನ್ ಡಬ್ಲಿಂಗ್. 1969ರ ‘ಎಸ್’ ಸೆಂಟ್‌ಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ.

ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ‘9’ರ ಅಂಚು ನೋಡಿ. ಪಕ್ಕದಲ್ಲಿ ಚಪ್ಪಟೆಯಾದ, ಹೊಳೆಯುವ, ಮೆಟ್ಟಿಲಿನಂಥ ತಗ್ಗು ಕಂಡು ಅಂಕಿಯೇ ಸಣಕಲಾಗಿದ್ದರೆ, ಅದು ಸವರಿಹೋದ ಲೋಹ. ಅಸಲಿಯಲ್ಲಿ ಅಂಕಿ ದಪ್ಪಗಾಗುತ್ತದೆ, ಎರಡೂ ರೂಪ ಉಬ್ಬಿ ದುಂಡಗಿರುತ್ತವೆ, ಅಕ್ಷರದ ಮೂಲೆಗಳು ಸೀಳಿದಂತೆ ಕಾಣುತ್ತವೆ.

ಹುಡುಕುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಪ್ರಸಿದ್ಧವಾದ 1955 ಮತ್ತು 1972ರ ಡಬಲ್ಡ್ ಡೈ ಸೆಂಟ್‌ಗಳು ಫಿಲಡೆಲ್ಫಿಯಾದವು, ಅವುಗಳಲ್ಲಿ ಟಂಕಸಾಲೆಯ ಗುರುತೇ ಇರುವುದಿಲ್ಲ. ಅಲ್ಲಿ ಈ ‘ಎಸ್’ ಪರೀಕ್ಷೆ ನಡೆಯದು, ಅಂಚುಗಳನ್ನೇ ನೋಡಿ.