ಬಾಲಮಂದಿರದ ಹುಡುಗರಿಗೆ ಭಾನುವಾರ ಸಂಗೀತ ಹೇಳಿಕೊಡಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?

ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಅವತಾರ ನೆನಪಾಯ್ತು. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದೆ, ಕೀಬೋರ್ಡ್ ಬರುತ್ತೆ, ಭಾನುವಾರ ಫ್ರೀ, ಹದಿಮೂರರಿಂದ ಹದಿನೇಳರ ಹುಡುಗರಿಗೆ ಸರಳೆ ವರಸೆಯಿಂದ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಕ್ರಮವಾಗಿ ಶುರು ಮಾಡ್ಲಾ ಅಂತ ಕೇಳಿದೀರ. ನಾನೂ ನಾಲ್ಕು ವರ್ಷದ ಹಿಂದೆ ನಮ್ಮೂರಿನ ಬಾಲಮಂದಿರಕ್ಕೆ ಹಾಗೇ ಹೋದೋನು, ಸರಳೆ, ಜಂಟಿ, ಅಲಂಕಾರ, ಗೀತೆ ಅಂತ ಆರು ತಿಂಗಳ ಸಿಲಬಸ್ಸು ಬರ್ಕೊಂಡು. ಮೂರನೇ ವಾರದಿಂದ ಆ ನೋಟ್‌ಬುಕ್ಕು ಬ್ಯಾಗಿಂದ ಆಚೆ ಬರ್ಲಿಲ್ಲ.

ಹುಡುಗರು ದಡ್ಡರು ಅಂತಲ್ಲ. ಅಲ್ಲಿ ಜನ ನಿಲ್ಲಲ್ಲ ಅಷ್ಟೇ. ಮನೆ ಬಿಟ್ಟು ಬಂದು ರೈಲ್ವೆ ಸ್ಟೇಷನ್ನಲ್ಲಿ ಸಿಕ್ಕಿದೋರು, ಹೋಟೆಲ್ ಕೆಲಸದಿಂದ ಬಿಡಿಸ್ಕೊಂಡು ಬಂದೋರು, ಅಪ್ಪ ಅಮ್ಮ ಇಲ್ದೋರು ಎಲ್ಲಾ ಒಂದೇ ಹಾಲ್‌ನಲ್ಲಿರ್ತಾರೆ, ಮಕ್ಕಳ ಕಲ್ಯಾಣ ಸಮಿತಿಯಿಂದ ಆರ್ಡರ್ ಬಂತು ಅಂದ್ರೆ ಈ ವಾರ ಚೆನ್ನಾಗಿ ಹಾಡಿದ ಹುಡುಗ ಮುಂದಿನ ವಾರ ಊರಲ್ಲಿರ್ತಾನೆ, ಅವನ ಜಾಗದಲ್ಲಿ ಯಾರೋ ಹೊಸಬ ಮುಖ ಊದಿಸ್ಕೊಂಡು ಕೂತಿರ್ತಾನೆ. (ಅಂದಹಾಗೆ ಇದು ಜೈಲಲ್ಲ. ಕೇಸ್ ಇರೋ ಮಕ್ಕಳನ್ನ ಇಡೋ ವೀಕ್ಷಣಾಲಯ ಬೇರೆ. ನಮ್ಮನೇಲೇ ಇದನ್ನ ಹತ್ತು ಸಲ ಹೇಳಬೇಕಾಯ್ತು.) ಹಾಗಾಗಿ ಹೋದ ವಾರದ ಪಾಠ ಒಪ್ಪಿಸು ಅನ್ನೋ ಥರದ ಕ್ಲಾಸು ಅಲ್ಲಿ ನಡೆಯಲ್ಲ, ಇವತ್ತು ಬಂದೋನಿಗೆ ಇವತ್ತೇ ಏನೋ ಒಂದು ಬಾರಿಸೋಕೆ ಬರಬೇಕು.

ಅದಕ್ಕೇ ತಾಳದಿಂದ ಶುರು ಮಾಡಿ. ನಾನು ದಾರಿಗೆ ಬಂದಿದ್ದು ಹೆಂಗೆ ಅಂದ್ರೆ, ಒಂದಿನ ನಾನು ಆದಿತಾಳದ ಎಂಟು ಎಣಿಕೆ ಕೈಯಲ್ಲಿ ಹಾಕಿಸ್ತಾ ಇದ್ರೆ ಹಿಂದೆ ಕೂತಿದ್ದ ಒಬ್ಬ ಬಕೆಟ್ ಬೋರಲು ಹಾಕ್ಕೊಂಡು ಗಣಪತಿ ಬಿಡೋವಾಗ ಬಾರಿಸ್ತಾರಲ್ಲ ಆ ತಮಟೆ ಪೆಟ್ಟು ಹಾಕೋಕೆ ಶುರು ಮಾಡ್ದ, ಇಡೀ ಹಾಲ್ ಅವನ ಕಡೆ ತಿರುಗ್ತು. ನನಗೆ ಮೊದ್ಲು ಸಿಟ್ಟೇ ಬಂತು, ಆಮೇಲೆ ಎಣಿಸಿ ನೋಡಿದ್ರೆ ಅದು ತಕಿಟ ತಕಿಟ ತಕ, ಮೂರು ಮೂರು ಎರಡು, ಒಟ್ಟು ಎಂಟು! ಅವನು ಬಾರಿಸ್ತಿದ್ದಿದ್ದು ನನ್ನ ಎಂಟರೊಳಗೇ ಕೂರ್ತಿತ್ತು. ಆವತ್ತಿಂದ ಅರ್ಧ ಹಾಲ್ ಎಂಟನ್ನ ಸಮವಾಗಿ ತಟ್ಟೋದು, ಇನ್ನರ್ಧ ತಕಿಟ ತಕಿಟ ತಕ ತಟ್ಟೋದು, ಎರಡು ಗುಂಪೂ ಒಟ್ಟಿಗೆ ಸಮಕ್ಕೆ, ಅಂದ್ರೆ ತಾಳದ ಮೊದಲ ಎಣಿಕೆಗೆ, ಬಂದು ಬೀಳಬೇಕು. ಹೊಸಬನಿಗೂ ಹತ್ತು ನಿಮಿಷದಲ್ಲಿ ಬರುತ್ತೆ, ಬಕೆಟ್ಟು, ಊಟದ ತಟ್ಟೆ, ಬೆಂಚು ಸಾಕು.

ಹಾಡಿಸೋದು ಸ್ವಲ್ಪ ಸೂಕ್ಷ್ಮ. ಈ ವಯಸ್ಸಲ್ಲಿ ಹುಡುಗರಿಗೆ ಗಂಟಲು ಒಡೆಯುತ್ತೆ, ಧ್ವನಿ ಹೆಚ್ಚುಕಮ್ಮಿ ಒಂದು ಸ್ಥಾಯಿ (ಒಂದು ಸ ದಿಂದ ಇನ್ನೊಂದು ಸ ವರೆಗಿನಷ್ಟು) ಕೆಳಗಿಳಿಯುತ್ತೆ, ನಡುವೆ ಕೆಲವು ತಿಂಗಳು ಮೇಲೂ ಸಿಗಲ್ಲ ಕೆಳಗೂ ನಿಲ್ಲಲ್ಲ. ನಾನು ಮಾಯಾಮಾಳವಗೌಳ ರಾಗ ಹಿಡ್ಕೊಂಡು ನನಗೆ ಸರಿಹೋಗೋ ಶ್ರುತೀಲಿ ತಾರ ಷಡ್ಜ, ಅಂದ್ರೆ ಮೇಲಿನ ಸ ವರೆಗೂ ಎಳೆಸಿದೆ, ಒಬ್ಬನ ಧ್ವನಿ ಕೀರಲು ಹೊಡೀತು, ಎಲ್ಲಾ ನಕ್ರು, ಅವನು ಮೂರು ವಾರ ಹಾಲ್‌ಗೆ ಬರ್ಲಿಲ್ಲ. ಅದು ನನ್ನ ತಪ್ಪೇ. ಈಗ ಸ ದಿಂದ ಪ ವರೆಗೆ ಐದು ಸ್ವರದೊಳಗೇ ಆಟ ಆಡಿಸ್ತೀನಿ, ಗಂಟಲು ಒಡೆದೋರು ಬರೀ ಸ ಹಿಡ್ಕೊಂಡು ತಂಬೂರಿ ಥರ ನಿಂತ್ಕೋತಾರೆ, ಅದೂ ಒಂದು ಕೆಲಸ ತಾನೆ. ಒಬ್ಬೊಬ್ಬರನ್ನೇ ಎಬ್ಬಿಸಿ ಹಾಡಿಸೋ ಅಭ್ಯಾಸ ಇದ್ರೆ ಗೇಟ್ ಹತ್ರಾನೇ ಬಿಟ್ಟು ಹೋಗಿ. ಸಿನಿಮಾ ಹಾಡು ಕೇಳ್ತಾರೆ, ಬೇಡ ಅನ್ಬೇಡಿ, ನುಡಿಸಿ.

ಪರ್ಮಿಷನ್ ವಿಷಯ: ಸೀದಾ ಸೂಪರಿಂಟೆಂಡೆಂಟ್ ಹತ್ರ ಹೋಗಿ ಕೇಳಿ, ಅವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಿ ಅಂದ್ರೆ ಹಾಕಿ, ಪೊಲೀಸ್ ವೆರಿಫಿಕೇಷನ್ ಕೇಳಿದ್ರೆ ಬೇಜಾರ್ ಮಾಡ್ಕೋಬೇಡಿ. ನನಗೆ ಎರಡು ತಿಂಗಳು ಹಿಡೀತು. ಮೊಬೈಲ್ ಜೇಬಲ್ಲೇ ಇರ್ಲಿ. ಮಕ್ಕಳ ಫೋಟೋ, ಹೆಸರು, ಗುರುತು ಸಿಗೋ ಯಾವುದನ್ನೂ ಹಾಕೋ ಹಾಗಿಲ್ಲ, ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಇಲ್ಲಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ವಾಟ್ಸಾಪ್ ಸ್ಟೇಟಸ್ಸಿಗೂ ಬೇಡ. ಮತ್ತೆ ‘ನೀನ್ಯಾಕೆ ಇಲ್ಲಿಗೆ ಬಂದೆ’ ಅಂತ ಕೇಳ್ಬೇಡಿ, ಬಂದ ಎಲ್ರೂ ಅದನ್ನೇ ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತೆ. ಹೇಳಬೇಕು ಅನ್ಸಿದ್ರೆ ಅವರೇ ಕೀಬೋರ್ಡ್ ಪಕ್ಕ ಕೂತ್ಕೊಂಡು, ಕೀ ಒತ್ತುತ್ತಾ ಒತ್ತುತ್ತಾ ಹೇಳ್ತಾರೆ, ಆಗ ನೀವೂ ನುಡಿಸೋದು ನಿಲ್ಲಿಸ್ಬೇಡಿ.

ಪ್ರತಿ ಭಾನುವಾರ ಆಗಲ್ಲ ಅನ್ಸಿದ್ರೆ ತಿಂಗಳಿಗೆ ಎರಡೇ ಅಂತ ಹೇಳಿ, ಆದ್ರೆ ಆ ಎರಡು ತಪ್ಪಿಸ್ಬೇಡಿ. ನಾನೊಂದ್ಸಲ ಮದುವೆ ಅಂತ ಹೇಳದೆ ಕೇಳದೆ ತಪ್ಪಿಸಿದ್ದೆ, ಮುಂದಿನ ವಾರ ಹೋದಾಗ ಒಬ್ಬ ‘ಓ, ಬಂದ್ರಾ ಸಾರ್, ನೀವು ಬರಲ್ಲ ಅಂತ ನಾವು ಬೆಟ್ ಕಟ್ಟಿದ್ವಿ’ ಅಂದ. ಬೆಟ್ಟಲ್ಲಿ ಇಟ್ಟಿದ್ದಿದ್ದು ಸಂಜೆಯ ಬಿಸ್ಕೆಟ್ಟು, ನಾನು ಬರ್ತೀನಿ ಅಂದಿದ್ದೋನು ಒಬ್ಬನೇ.

ಕೊನೇದಾಗಿ, ಕೀಬೋರ್ಡಿಗೆ ಬ್ಯಾಟರಿ ತಗೊಂಡ್ಹೋಗಿ, ಅಡಾಪ್ಟರ್ ನಂಬ್ಕೋಬೇಡಿ. ನಮ್ಮ ಹಾಲ್‌ನಲ್ಲಿ ಕೆಲಸ ಮಾಡೋ ಪ್ಲಗ್ ಪಾಯಿಂಟ್ ಒಂದೇ, ಅದರಲ್ಲಿ ಟಿವಿ ಇರುತ್ತೆ, ಇಂಡಿಯಾ ಮ್ಯಾಚ್ ಇದ್ದ ದಿನ ಆ ಪ್ಲಗ್ ಕೀಳೋ ಧೈರ್ಯ ನನಗಂತೂ ಇನ್ನೂ ಬಂದಿಲ್ಲ.